ಡೆಕ್ಕಿನಲ್ಲಿ ಸಿಕ್ಕಿಕೊಂಡ ಕಾಲು

...ಇಲ್ಲ ಕಣೋ ಕಿಟ್ಟಿ, ನನ್ನ ಹೆಂಡತಿ ಶೈಲಜಾ ಮೇಲಾಣೆ, ಹೇಳಿದ್ದು ಒಂದೊಂದಕ್ಷರವೂ ನಿಜ! ಸ್ಟರ್ಜನ್ ಮೀನು. ನಿನ್ನಷ್ಟುದ್ದ. ಹಡ್ಸನ್ ನದಿಯಿಂದ ನೆಗೆದು ನನ್ನ ಬೋಟಿನ ಮೇಲೇ ಬಿತ್ತು. ಹಿಡಿಯೋಕೆ ಹಾರಿದೆ, ಡೆಕ್ ಬಿರಿದು ಬಲಗಾಲು ತೊಡೆಯವರೆಗೂ ಒಳಗೆ! ಮೀನು ಹೋಯಿತು, ನಾನು ಉಳಿದೆ. ಯಾಕೋ ನಗಲ್ಲ? ಈ ಕೇಶವಮೂರ್ತಿ ಕಥೆಗೆ ಇಡೀ ನ್ಯೂಜೆರ್ಸಿ ನಗುತ್ತೆ, ನೀನು, ಕೃಷ್ಣಸ್ವಾಮಿ, ಮಾತ್ರ...

ಎಳೀಬೇಡ, ಎಳೀಬೇಡ! ಅಯ್ಯಯ್ಯೋ... ಒಡೆದ ಫೈಬರ್‌ಗ್ಲಾಸ್ ಕಣೋ, ಒಳಗೆ ಹೋಗೋಕೆ ದಾರಿ ಬಿಡುತ್ತೆ, ಹೊರಗೆ ಬರೋಕೆ ಹೋದರೆ ಕಚ್ಚುತ್ತೆ. ಎರಡು ಗಂಟೆ ಆಯ್ತು. ಮೇಲೆ ನೋಡು, ಬ್ರಿಡ್ಜ್ ಮೇಲೆ ಟ್ರಾಫಿಕ್ಕೂ ನಿಂತಿದೆ. ಅವರಿಗಾದರೂ ಎಕ್ಸಿಟ್ ಇದೆ.

ನೈನ್ ಒನ್ ಒನ್ನಾ? ಬೇಡಪ್ಪ, ಫೈರ್ ಇಂಜಿನ್‌ನವರು ಗರಗಸ ತಂದು ಇಡೀ ಡೆಕ್ ಕೊಯ್ತಾರೆ. ಅದಕ್ಕೇ ನಿನಗೆ ಫೋನ್ ಮಾಡಿದ್ದು. ಮಾತು ಬಿಟ್ಟು ಎಂಟು ತಿಂಗಳು... ನೀನು ಎತ್ತಲ್ಲ ಅಂದ್ಕೊಂಡಿದ್ದೆ.

ಅದೇನು, ಸ್ಕ್ರೂಡ್ರೈವರ್ ಹಿಡಿಯಲ್ಲಿ ಡೆಕ್ ಕುಟ್ತಾ ಇದೀಯ? ಮೊದಲು ಕಾಲು ಬಿಡಿಸೋ! ...ಅದು ನೀನು ಹಾಕಿದ್ದು, ಗಾಳದ ಕೋಲು ನಿಲ್ಲಿಸೋ ಹೋಲ್ಡರ್. ಟಣ್ ಟಣ್. ಹೂಂ, ಕೇಳಿಸ್ತು, ಗಟ್ಟಿಯಾಗಿದೆ. ಅಗಲವಾಗಿ ಕೊರೆದು, ಒಳಗಿನ ಮರ ಕೆರೆದು ತೆಗೆದು, ಎಪಾಕ್ಸಿ ಅಂಟು ತುಂಬಿ, ಅದು ಒಣಗಿದ ಮೇಲೆ ನಡುವೆ ಸ್ಕ್ರೂ ಹಾಕಿದೆ ನೀನು. ಎರಡು ಶನಿವಾರ! ನಾನು ಪಕ್ಕದಲ್ಲಿ ಕೂತು ಚುರುಮುರಿ ತಿಂದೆ.

ಡೆಕ್ಕು ಒಬ್ಬಟ್ಟಿದ್ದ ಹಾಗೆ ಅಂತ ನೀನೇ ಹೇಳಿಕೊಟ್ಟಿದ್ದು. ಮೇಲೆ ಕೆಳಗೆ ಫೈಬರ್‌ಗ್ಲಾಸ್ ಕಣಕ, ಮಧ್ಯೆ ಬಾಲ್ಸಾ ಮರದ ಹೂರಣ. ಒಂದು ತೂತಲ್ಲಿ ನೀರಿಳಿದರೆ ಹೂರಣವೆಲ್ಲ ಹಳಸುತ್ತೆ. ಹಳಸಿದೆ ಬಿಡು, ವಾಸನೆ ನನ್ನ ಮೊಣಕಾಲಿಗೇ ಬರ್ತಿದೆ!

ಈ ಕಡೆ ಯಾಕೆ ಬಂದೆ? ದೊಬ್... ದೊಬ್... ಚಳಿಗಾಲದ ಸ್ನೋಗೆ ಹಳಸಿದ್ದು ಕಣೋ ಅದು... ಹಳೇ ಓನರ್ರು ಸರಿಯಾಗಿ... ಅಲ್ಲಿ ಕೈ ಹಾಕಬೇಡ, ಕಿಟ್ಟಿ!

...ಹೌದು. ಕೊಕ್ಕೆ. ತುಕ್ಕು ಹಿಡಿದಿದೆ. ದಾರ ಇನ್ನೂ ಇದೆ ನೋಡು, ತೋರಣದ್ದು. ಹೋದ ವರ್ಷ ಅಲ್ಲ, ಅದರ ಹಿಂದಿನ ವರ್ಷದ ಆಯುಧ ಪೂಜೆ. ಆರು ಕೊಕ್ಕೆ, ಗಣಪತಿ ಪೀಠಕ್ಕೆ ನಾಲ್ಕು ಸ್ಕ್ರೂ. ಕಾರಿಗೆ ಪೂಜೆ ಮಾಡ್ತೀವಿ, ಬೋಟಿಗೆ ಬೇಡವಾ? ನಾನೇ ನೇರ ಕೊರೆದೆ. ನಿನ್ನ ಎಪಾಕ್ಸಿ ಒಣಗೋವರೆಗೂ ರಾಹುಕಾಲ ಕಾಯುತ್ತೇನೋ?

ಬೈಯೋ. ಏನಾದರೂ ಬೈಯಿ. ಹಾಗೆ ನೋಡಬೇಡ.

ಎಂಟು ತಿಂಗಳ ಹಿಂದೆ, ಇದೇ ಬೋಟಿನ ಪಿಕ್ನಿಕ್ ದಿನ, ನಮ್ಮ ಗೆಳೆಯ ಅಡಿವೆಪ್ಪನ ಹೆಂಡತಿ ಕೆಳಗೆ ಕ್ಯಾಬಿನ್ನಿನಲ್ಲಿ ಕೂತಿದ್ದರು. ಇಳಕಲ್ ಸೀರೆ ಮೇಲೆ ಹನಿ ಹನಿಯಾಗಿ ಕಂದು ನೀರು. "ಯಾರ್ರೀ ಇದಕ್ಕೆ ತೂತು ಹೊಡೆದೋರು?" ಅಂದರು. ಎಲ್ಲರೂ ನನ್ನ ಕಡೆ ತಿರುಗಿದರು. ಶೈಲಜಾ ಕೂಡ. ಕೊರೀಬೇಡಿ ಅಂತ ಅವಳು ಮೊದಲೇ ಹೇಳಿದ್ದಳು. ನನ್ನ ಬಾಯಿ ನಿನಗೆ ಗೊತ್ತಲ್ಲ... ನಲವತ್ತು ವರ್ಷ ಇಂಜಿನಿಯರ್, ನಾಲ್ಕು ಸ್ಕ್ರೂ ಹಾಕೋಕೆ ಬರಲ್ಲ ನಮ್ಮ ಕಿಟ್ಟಿಗೆ, ಅಂದುಬಿಟ್ಟೆ. ಎಲ್ಲರೂ ನಕ್ಕರು. ನೀನು ಊಟದ ತಟ್ಟೆ ಕೆಳಗಿಟ್ಟು ಹೊರಟುಹೋದೆ.

ಈಗಲೂ ಹೊರಟೆಯಾ? ಕಿಟ್ಟಿ... ಕಾಲು ಹಾಗೇ ಇರಲಿ. ಎಳೆಯೋದೂ ಬೇಡ. ಅಲ್ಲೇ ಡಾಕಿನ ಹಲಗೆ ಮೇಲೆ ಒಂದು ನಿಮಿಷ ನಿಲ್ಲು. ಎಲ್ಲಾ ನಿಜ ಅಂದೆನಲ್ಲ... ಒಂದೇ ಒಂದು ಸಣ್ಣ ವಿಷಯ ನಾನು ಕಟ್ಟಿದ್ದು ಕಣೋ. ಆವತ್ತು ತೂತು ಹೊಡೆದಿದ್ದು ಯಾರು ಅಂತ ಅವರು ಕೇಳಿದಾಗ ನಾನು ಹೇಳಿದ ಹೆಸರು.