ಜಪ್ತಿಯಾದ ಚೀಲದಲ್ಲಿ ತವರಿನ ಸೀರೆ

ನನ್ನ ಹೆಸರು ನಾಗರಾಜಪ್ಪ ಬಿನ್ ಲೇಟ್ ಚನ್ನಬಸಪ್ಪ, 67 ವರ್ಷ, ಲಿಂಗಾಯತ ಜನಾಂಗ, ಮೆಕ್ಕೆಜೋಳ ಒಕ್ಕುವ ಯಂತ್ರವನ್ನು ಬಾಡಿಗೆಗೆ ಓಡಿಸುವ ಕೆಲಸ, ವಾಸ ಸವಳಂಗ ಗ್ರಾಮ, ನ್ಯಾಮತಿ ತಾಲ್ಲೂಕು, ದಾವಣಗೆರೆ ಜಿಲ್ಲೆ. ಈ ದಿನ 12-03-2025 ಬುಧವಾರ ರಾತ್ರಿ 8:15ಕ್ಕೆ ಠಾಣೆಯಲ್ಲಿ ಕೇಳಿದ್ದಕ್ಕೆ ನಾನು ಬಾಯಿಮಾತಿನಲ್ಲಿ ಹೇಳಿ ಬರೆಸುವುದೇನೆಂದರೆ,

ಪರಮೇಶನಿಗೆ ಹೊಡೆದದ್ದು ನಾನೇ. ಅದೊಂದನ್ನು ಬರೆದುಕೊಂಡು ನನ್ನನ್ನು ಬಿಡಿ ಎಂದು ಕೇಳಿದೆ. ಸಾಹೇಬರು ಬೆಳಗಿನಿಂದ ವರಸೆಯಾಗಿ ಹೇಳಬೇಕು ಎಂದಿದ್ದರಿಂದ ಹೇಳುತ್ತೇನೆ.

ನನಗೆ ಒಬ್ಬಳೇ ತಂಗಿ, ಹೆಸರು ಸಿದ್ದಲಿಂಗಮ್ಮ, 59 ವರ್ಷ. ಆಕೆ ಗಂಡ ಮತ್ತು ಮಗನ ಜೊತೆ ಹೈದರಾಬಾದಿನಲ್ಲಿ ಜೋಳದ ರೊಟ್ಟಿ ಖಾನಾವಳಿ ನಡೆಸಿಕೊಂಡಿದ್ದಳು. ಈ ದಿನ ಬೆಳಿಗ್ಗೆ 5:40ಕ್ಕೆ ಆಕೆಯ ಮಗ ಬಸವರಾಜ್ ಫೋನ್ ಮಾಡಿ, ಅವ್ವ ಎದೆನೋವು ಬಂದು ಆಸ್ಪತ್ರೆಯಲ್ಲಿ ತೀರಿಕೊಂಡಳು ಎಂದು ತಿಳಿಸಿದನು. ತಮ್ಮದು ಬಾಡಿಗೆ ಮನೆ, ಬಹಳ ಹೊತ್ತು ಇಡಬೇಡಿ ಎಂದು ಮಾಲೀಕರು ಹೇಳಿದ್ದಾರೆ, ಮಧ್ಯಾಹ್ನ ಮೂರಕ್ಕೆ ಎತ್ತಲೇಬೇಕು ಎಂದನು. "ಮಾವ, ನೀವು ಬರಬೇಕು. ಸೀರೆ ತರಬೇಕು" ಎಂದು ಅತ್ತನು.

ನಮ್ಮಲ್ಲಿ ಮುತ್ತೈದೆ ಸತ್ತರೆ ಕುಣಿಯಲ್ಲಿ ಕೂರಿಸುವ ಮೊದಲು ತವರಿನ ಸೀರೆ ಹೊದಿಸಿ, ಮಡಿಲಿಗೆ ಅಕ್ಕಿ, ಕಾಯಿ ಇಡುತ್ತಾರೆ. ಅದನ್ನು ತವರಿನವರೇ ತರಬೇಕು. ತವರು ಎಂದರೆ ಈಗ ನಾನೊಬ್ಬನೇ.

ಬಸ್ಸಿಗೆ ಹೋದರೆ ಮಾರನೇ ದಿನ. ಆದ್ದರಿಂದ 6:50ಕ್ಕೆ ನ್ಯಾಮತಿಗೆ ಬಂದು, ಬಸ್ ನಿಲ್ದಾಣದಿಂದ ಸುಮಾರು ಇನ್ನೂರು ಅಡಿ ದೂರದಲ್ಲಿ ಆನ್‌ಲೈನ್ ಅಂಗಡಿ ಇಟ್ಟಿರುವ ಪರಮೇಶ್, 29 ವರ್ಷ, ಇವನನ್ನು ಮನೆಯಿಂದ ಎಬ್ಬಿಸಿಕೊಂಡು ಬಂದೆ. ಅವನು ಕಂಪ್ಯೂಟರ್ ನೋಡಿ, ಶಿವಮೊಗ್ಗದಿಂದ ಮಧ್ಯಾಹ್ನ 12:30ಕ್ಕೆ ವಿಮಾನ ಇದೆ, ಅದೇ ದಿನದ್ದಾದ್ದರಿಂದ ಒಂಬತ್ತು ಸಾವಿರ ಚಿಲ್ಲರೆ ಆಗುತ್ತದೆ ಎಂದನು. ನಾನು ರೇಗಿ, "ಲೇ, ಅದೇನು ವಿಮಾನ ಕೊಂಡ್ಕಳಾಕೆ ಬಂದೀನಾ? ಕಮ್ಮೀದು ನೋಡಲೇ" ಎಂದೆ. ಅವನು ಬೇರೆ ಬೇರೆ ಕಡೆ ಒತ್ತಿ ನೋಡಿ ಎಲ್ಲ ಕಡೆ ಅಷ್ಟೇ ಎಂದನು. ನಾನು ಬಿಡಲಿಲ್ಲ. ಕೊನೆಗೆ, "ತಡೀರಜ್ಜಾ, ಒಂದು ದಾರಿ ಐತೆ" ಎಂದು ಹೇಳಿ ಆರು ಸಾವಿರಕ್ಕೆ ಟಿಕೆಟ್ ತೆಗೆದುಕೊಟ್ಟನು. ಯಾವ ದಾರಿ ಎಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ.

7:40ಕ್ಕೆ ಬಟ್ಟೆ ಅಂಗಡಿಯ ಅರ್ಧ ಬಾಗಿಲು ಎತ್ತಿಸಿ ಗಿಳಿಹಸಿರು ಬಣ್ಣದ, ಕೆಂಪು ಅಂಚಿನ ಸೀರೆ ತೆಗೆದುಕೊಂಡೆ. ಪ್ರತಿ ಪಂಚಮಿಗೆ ನಾನು ಕೊಟ್ಟ ಸೀರೆಯನ್ನು ಬೆಳಕಿಗೆ ಹಿಡಿದು, "ಅಣ್ಣಾ, ಇದು ಉಡಾಕೋ, ಹಿಟ್ಟು ಜರಡಿ ಹಿಡಿಯಾಕೋ?" ಎಂದು ಸಿದ್ದಲಿಂಗಮ್ಮ ಹಂಗಿಸುತ್ತಿದ್ದಳು. ಈ ಸಲ ಬೆಲೆ ಕೇಳಲಿಲ್ಲ. ಸೀರೆಗೆ ಚೌಕಾಸಿ ಮಾಡಲಿಲ್ಲ, ಟಿಕೆಟ್ಟಿಗೆ ಮಾಡಿದೆ. ಸೀರೆ, ಕುಪ್ಪಸದ ಕಣ, ಹಸಿರು ಬಳೆ, ಎರಡು ಸೇರು ಅಕ್ಕಿ, ಒಂದು ಸುಲಿದ ತೆಂಗಿನಕಾಯಿ, ಇಷ್ಟನ್ನು ಕೈಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿದೆ.

10:45ಕ್ಕೆ ವಿಮಾನ ನಿಲ್ದಾಣದ ಒಳಗೆ ಹೋದೆ. ಕೌಂಟರಿನಲ್ಲಿದ್ದ ಹುಡುಗಿ ಟಿಕೆಟ್ ಮತ್ತು ಆಧಾರ್ ನೋಡಿ, ನನ್ನ ಮುಖ ನೋಡಿ, ಕಾಲೇಜಿನ ಗುರುತಿನ ಚೀಟಿ ಕೊಡಿ ಎಂದಳು. ಇದು ವಿದ್ಯಾರ್ಥಿಗಳ ರಿಯಾಯಿತಿ ಟಿಕೆಟ್, ಚೀಟಿ ಇಲ್ಲದೆ ಹತ್ತಿಸುವಂತಿಲ್ಲ ಎಂದಳು. "ತಾಯಿ, ನಾನು ನಾಲ್ಕನೇ ಕ್ಲಾಸಿಗೆ ಸಾಲಿ ಬಿಟ್ಟೋನು. ಯಾವ ಕಾಲೇಜಿಗೆ ಹೋಗಿ ಚೀಟಿ ತರಲಿ?" ಎಂದು ಕೇಳಿದೆ. ನನ್ನ ಹಿಂದೆ ನಿಂತಿದ್ದವರು ನಕ್ಕರು. ಹುಡುಗಿ ನಗಲಿಲ್ಲ. ಪೂರ್ತಿ ದರದ ಉಳಿದ ಹಣ ಕಟ್ಟಿದರೆ ಬಿಡುತ್ತೇವೆ ಎಂದಳು. ನನ್ನ ಜೇಬಿನಲ್ಲಿ ಅಷ್ಟು ಇರಲಿಲ್ಲ. ಪರಮೇಶನಿಗೆ ಫೋನ್ ಮಾಡಿದೆ. ಅವನು, "ಯಾರೂ ಚೀಟಿ ಕೇಳಲ್ಲ ಅನ್ಕಂಡಿದ್ದೆ ಅಜ್ಜಾ, ಈಗ ನಿಮ್ಮ ಮೊಬೈಲಿಗೆ ದುಡ್ಡು ಹಾಕ್ತೀನಿ" ಎಂದನು. ನನ್ನದು ಬಟನ್ ಮೊಬೈಲು, ಅದರಲ್ಲಿ ಮಾತು ಬಿಟ್ಟರೆ ಏನೂ ಬರುವುದಿಲ್ಲ. ಹುಡುಗಿಯ ಮೊಬೈಲಿಗೆ ಹಾಕು ಎಂದೆ. ಹಾಗೆ ತೆಗೆದುಕೊಂಡರೆ ತನ್ನ ಕೆಲಸ ಹೋಗುತ್ತದೆ ಎಂದು ಅವಳು ಹೇಳಿದಳು. ಸಾಲಿನಲ್ಲಿದ್ದವರ ಹತ್ತಿರ ಕೇಳೋಣ ಎಂದು ತಿರುಗಿದರೆ ಸಾಲು ಖಾಲಿಯಾಗಿತ್ತು. 11:30ಕ್ಕೆ ಕೌಂಟರ್ ಮುಚ್ಚಿದರು.

ಹೊರಗೆ ಬಂದು ಬಸವರಾಜನಿಗೆ ತಿಳಿಸಿದೆ. ನಂತರ ಗೇಟಿನ ಹತ್ತಿರ ಕಲ್ಲಿನ ಮೇಲೆ ಕುಳಿತೆ. ವಿಮಾನ ಹೋದದ್ದನ್ನು ನೋಡಿದೆ.

ವಾಪಸ್ ಬಸ್ಸಿನಲ್ಲಿದ್ದಾಗ 4:20ಕ್ಕೆ ಬಸವರಾಜ್ ಫೋನ್ ಮಾಡಿದನು. ಸ್ಮಶಾನದಲ್ಲಿ ಸ್ವಾಮಿಗಳು, ತವರಿನ ಕಡೆಯವರು ಮುಂದೆ ಬನ್ನಿ ಎಂದು ಮೂರು ಸಲ ಕರೆದರಂತೆ. ಯಾರೂ ಬರಲಿಲ್ಲವಂತೆ. ಆಗ ಖಾನಾವಳಿಯಲ್ಲಿ ರೊಟ್ಟಿ ತಟ್ಟುವ ಗಾದ್ರಮ್ಮ ಎಂಬಾಕೆ, ಜಗಳೂರಿನವಳು, "ನಾನೂ ಅದೇ ಸೀಮೆಯಾಕಿ, ನಾನೇ ತವರು ಅಂತ ತಿಳ್ಕಳ್ರಿ" ಎಂದು ಹೇಳಿ, ಯುಗಾದಿಗೆಂದು ತಾನು ತಂದಿಟ್ಟುಕೊಂಡಿದ್ದ ಹೊಸ ಸೀರೆಯನ್ನು ಹೊದಿಸಿದಳಂತೆ. ಆ ತಾಯಿಗೆ ಕೈ ಮುಗಿಯುತ್ತೇನೆ. ಆದರೆ ನಾನಿನ್ನೂ ಸತ್ತಿಲ್ಲ.

4:50ಕ್ಕೆ ನ್ಯಾಮತಿಯಲ್ಲಿ ಇಳಿದು ನೇರ ಪರಮೇಶನ ಅಂಗಡಿಗೆ ಹೋದೆ. ಹೊಡೆಯಬೇಕೆಂದು ಹೋಗಿರಲಿಲ್ಲ. ಕೇಳಬೇಕೆಂದು ಹೋದೆ. ಅವನು ಎದ್ದು ನಿಂತು ಕುರ್ಚಿ ಸರಿಸಿ, "ಟೆನ್ಶನ್ ತಗಾಬ್ಯಾಡ್ರಿ ಅಜ್ಜಾ, ಏಳು ದಿನದಾಗೆ ರಿಫಂಡ್ ಬರ್ತತೆ" ಎಂದನು. ನಾನು ಕೈಯಲ್ಲಿದ್ದ ಚೀಲವನ್ನು ಬೀಸಿದೆ. ಅವನ ಎಡಗಿವಿಯ ಮೇಲ್ಭಾಗಕ್ಕೆ ತಗುಲಿ ರಕ್ತ ಬಂತು. ಎರಡನೇ ಸಲ ಬೀಸಲಿಲ್ಲ. ಅಕ್ಕಪಕ್ಕದ ಅಂಗಡಿಯವರು ನನ್ನನ್ನು ಹಿಡಿದುಕೊಂಡರು. ಪರಮೇಶನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಮೂರು ಹೊಲಿಗೆ ಹಾಕಿಸಿದ್ದಾರೆಂದು ಠಾಣೆಯಲ್ಲಿ ತಿಳಿಯಿತು. ಅವನು ನನಗೆ ಮೋಸ ಮಾಡಲಿಲ್ಲ. ನನ್ನ ಬಾಯಿಗೆ ಹೆದರಿ ಕಮ್ಮಿ ಮಾಡಿದನು. ಅವನ ಆಸ್ಪತ್ರೆ ಖರ್ಚು ನಾನೇ ಕೊಡುತ್ತೇನೆ.

6:30ಕ್ಕೆ ಠಾಣೆಯಲ್ಲಿ ಹಲ್ಲೆಗೆ ಬಳಸಿದ ವಸ್ತು ಎಂದು ಚೀಲವನ್ನು ಜಪ್ತಿ ಮಾಡಿದರು. ಮಹಿಳಾ ಪೇದೆ ಮಮತಾರವರು ಒಳಗಿದ್ದುದನ್ನು ಒಂದೊಂದಾಗಿ ಮೇಜಿನ ಮೇಲಿಟ್ಟರು. ಬಳೆ ಎಲ್ಲ ಒಡೆದಿದ್ದವು. ಸೀರೆ ಬಿಚ್ಚಿ, "ಯಾರಿಗಜ್ಜಾ ಇದು? ಬಣ್ಣ ಭಾಳ ಚಂದ ಐತೆ" ಎಂದು ಸೆರಗನ್ನು ತಮ್ಮ ಹೆಗಲ ಮೇಲೆ ಹಿಡಿದು ನೋಡಿದರು. ನಾನು, "ಕೆಳಗಿಡೇ!" ಎಂದು ಕಿರುಚಿದೆ. ಠಾಣೆಯಲ್ಲಿ ಹಾಗೆ ಕಿರುಚಿದ್ದು ತಪ್ಪು. ಅದು ಹೆಣಕ್ಕೆ ತಂದ ಸೀರೆ, ಜೀವ ಇರುವವರು ಮೈಗೆ ಸೋಕಿಸಬಾರದು. ಆ ಮಗಳಿಗೆ ಏನೂ ಆಗದಿರಲಿ.

ನಾಡಿದ್ದು ಶುಕ್ರವಾರ ಬೆಳಿಗ್ಗೆ ಮೂರನೇ ದಿನದ ಹಾಲುತುಪ್ಪ. ನಾಳೆ ಸಾಯಂಕಾಲ ದಾವಣಗೆರೆಯಿಂದ ಬಸ್ ಹತ್ತಿದರೆ ಅಷ್ಟೊತ್ತಿಗೆ ಹೋಗಿ ಸೇರುತ್ತೇನೆ. ಮೈಮೇಲೆ ಹೊದಿಸುವುದಂತೂ ಆಗಲಿಲ್ಲ, ಮಣ್ಣಿನ ಮೇಲೆ ಹೊದಿಸುತ್ತೇನೆ. ಜಪ್ತಿಯಾದ ಮಾಲು ಕೋರ್ಟಿನಿಂದಲೇ ಬಿಡಿಸಿಕೊಳ್ಳಬೇಕು ಎಂದು ಸಾಹೇಬರು ಹೇಳುತ್ತಾರೆ. ನಾನು ಹೇಳುವುದು ಇಷ್ಟೇ. ಪರಮೇಶನಿಗೆ ಏಟು ಬಿದ್ದದ್ದು ತೆಂಗಿನಕಾಯಿಯಿಂದ. ಕಾಯಿ ಇಟ್ಟುಕೊಳ್ಳಿ, ಚೀಲ ಇಟ್ಟುಕೊಳ್ಳಿ, ವಾಪಸ್ ಬಂದ ಮೇಲೆ ನನ್ನನ್ನೂ ಇಟ್ಟುಕೊಳ್ಳಿ. ಸೀರೆ ಯಾರಿಗೂ ಹೊಡೆದಿಲ್ಲ. ಅದನ್ನು ಕೊಡಿ.

ನಾನು ಹೇಳಿದಂತೆಯೇ ಬರೆದಿದ್ದಾರೆ. ಓದಿ ಹೇಳಿದ್ದನ್ನು ಕೇಳಿದೆ, ಇದರಲ್ಲಿ ಸುಳ್ಳಿಲ್ಲ. ಕಿರುಚಿದ್ದನ್ನು ತೆಗೆದುಹಾಕಲೇ ಎಂದು, ಇದನ್ನು ಬರೆದುಕೊಂಡ ಮಮತಾರವರು ಕೇಳಿದರು. ಇರಲಿ ಎಂದೆ.

ಸ್ಥಳ: ನ್ಯಾಮತಿ
ದಿನಾಂಕ: 12-03-2025, ರಾತ್ರಿ 9:30
(ಸಹಿ) ನಾಗರಾಜಪ್ಪ