ಹಿಂದಿನ ಖೋಲಿಯ ಹಸಿ ಗೋಡಿ

ಔರಂಗಾಬಾದಿನ ಚಿಕಲಠಾಣಾ ಆಚೆ ಒಂದು ಹಾಳು ಬಾವಿ ಐತಿ. ದಂಡಿಗೆ ಆಲದ ಮರ. ಹಗಲಿನಾಗ ಅಲ್ಲಿ ಎಮ್ಮಿ ಮಲಗತಾವು, ಏನೂ ಇಲ್ಲ. ರಾತ್ರಿ ಮಾತ್ರ ಬಾವಿ ರಾಟಿ ತಾನ ತಿರಗತೈತಿ... ಕಿರ್ರ್... ಕಿರ್ರ್... ಹಗ್ಗ ಇಲ್ಲ, ಕೊಡ ಇಲ್ಲ. ಗಾಳಿ ಅಂತೀರಿ. ಅನ್ನರಿ. ಆ ರಾತ್ರಿ ಅದರ ಮುಂದ ಹಾದು ಹೋಗುವಾಗ ಗುರುರಾಜ ಕಾಕಾನೂ ಹಂಗ ಅಂದಿದ್ದ.

ಕಾಕಾ ನಮ್ಮ ಬಾಜೂ ಮನಿಯವ. ವಿಜಾಪುರದಿಂದ ವರ್ಗಾ ಆಗಿ ಔರಂಗಾಬಾದಿಗೆ ಬಂದ ಬ್ಯಾಂಕ್ ಕ್ಲಾರ್ಕು. ಸಹಿ ಕೂದಲೆಳಿಯಷ್ಟು ಸೊಟ್ಟ ಆದರೂ ಚೆಕ್ ತಿರುಗಿ ಕೊಡೋ ಮನಿಶ್ಯಾ. ಅಂಥವ ತನ್ನ ಸ್ವಂತ ಮನಿ ವಿಷಯದಾಗ ಒಂದು ಚೀಟೀನೂ ಬರಿಸಿಕೊಳ್ಳಲಿಲ್ಲ. ಈ ಕತಿಯಾಗ ಅದ ಮೊದಲನೇ ದೆವ್ವ. ಎರಡನೇದು ಆಮ್ಯಾಲ ಬರತೈತಿ.

ಎಂಬತ್ತೆಂಟರಾಗ ಆದ ಮಾತು. ಆ ಬಾವಿಯಿಂದ ನೂರು ಹೆಜ್ಜಿಗೆ ಒಂದು ಪ್ಲಾಟ್ ಮಾರಾಟಕ್ಕಿತ್ತು. ಕಾಕಾ ಮತ್ತ ಸುಧಾಕರಣ್ಣ ಕೂಡಿ ನೋಡಾಕ ಹೋದರು. ಸುಧಾಕರಣ್ಣ ಅಂದ್ರ ಟೇಶನ್ ಹತ್ರ ಹೋಟೆಲ್ ಇಟ್ಟ ಉಡುಪಿ ಕಡೆಯವರು. ಕಾಕಾ ದಿನಾ ಸಂಜಿಕ ಅಲ್ಲೇ ದ್ವಾಶಿ ತಿಂದು, ಕನ್ನಡ ಮಾತಾಡಿ, ಹೊಟ್ಟಿ ತಂಪು ಮಾಡಿಕೊಂಡು ಬರತಿದ್ದ. ಹೊಲದ ಮಾಲಕ ಮರಾಠಿಯವ ಎದುರಿಗೇ ನಿಂತಿದ್ದ. ಅವಗ ತಿಳದ್ರ ರೇಟ್ ಏರಸ್ತಾನ ಅಂತ ಇಬ್ಬರೂ ಬೇಕಂತಲೇ ಕನ್ನಡದಾಗ ಮಾತು ಮುಗಿಸಿದರು. ಜಾಗಾ ಕೂಡಿ ತಗೊಳ್ಳೋದು, ಕೂಡಿ ಕಟ್ಟೋದು, ಮುಂದಿನ ಅರ್ಧ ಸುಧಾಕರಣ್ಣಂದು, ಹಿಂದಿನ ಅರ್ಧ ಕಾಕಾಂದು. ಕಾಕಾಗ ಅದ ವಾರ ನಾಶಿಕಕ್ಕ ವರ್ಗದ ಆರ್ಡರ್ ಬಂದಿತ್ತು, ನೋಂದಣಿಗೆ ನಿಲ್ಲಾಕ ರಜಾ ಇಲ್ಲ. ಅದಕ್ಕ ಕಾಗದ ಸದ್ಯಕ್ಕ ಪೂರಾ ಸುಧಾಕರಣ್ಣನ ಹೆಸರಿಗೆ. ಮಾಲಕ ಪಾಪ, ಹಲ್ಲು ಕಿಸಿದು ಇಬ್ಬರ ಬಾಯಿ ನೋಡಿಕೊಂತ ನಿಂತ. ಕಾಕಾ ಭಾಳ ಶ್ಯಾಣ್ಯಾ ಆದೆ ಅಂತ ಹಿಗ್ಗಿದ. ಪರಊರಾಗ ನಮ್ಮ ಮಾತಾಡೋ ಮನಿಶ್ಯಾಗ 'ಬರದು ಕೊಡ್ರಿ' ಅನ್ನೋದು ಮಕಕ್ಕ ಹೊಡದಂಗ ಅಂತ ಸುಮ್ಮನಾದ.

ಆ ಮಾತು ಕೇಳಿ, ತಿಳಕೊಂಡವ ಅಲ್ಲಿ ಇನ್ನೊಬ್ಬನ ಇದ್ದ. ರೇವಪ್ಪ. ಇಂಡಿ ಕಡೆಯ ಮನಿ ಕಟ್ಟೋ ಗೌಂಡಿ, ಎಡಚ. ಜಾಗಾ ಅಳಿಯಾಕ ಕರಕೊಂಡು ಹೋಗಿದ್ದರು.

ಮನಿ ಎದ್ದಿತು. ಕಾಕಾ ಪಿ.ಎಫ್. ಸಾಲ ತಗದ, ಅವನ ಹೆಂಡತಿ ಮಂದಾಕಿನಿ ಕಾಕು ಕೈಯಾಗಿನ ಬಳಿ ಬಿಚ್ಚಿ ಕೊಟ್ಟಳು. ಹೊಸ್ತಿಲು ಕೂಡಿಸೋ ದಿನ ಕಾಕಾ ನಾಶಿಕದಿಂದ ಬಂದ. ಖುಷಿ ತಡಿಲಾರದ, ರೇವಪ್ಪನ ಹೆಗಲ ಮ್ಯಾಲೆ ಕೈ ಇಟ್ಟು, ಬಾಯಾಗ ಪೇಡೆ ಹಾಕಿ, ತಾನೂ ಒಂದು ಮಾತು ಅಂದ. ಏನಂದೆ ಅನ್ನೋದನ್ನ ಕಾಕಾ ಬಸ್ ಹತ್ತೋದರಾಗ ಮರತ. ಅಂದಿದ್ದ ಅನ್ನೋದಷ್ಟು ನೀವು ನೆನಪಿಡ್ರಿ.

ತೊಂಬತ್ತೊಂದರ ಮೇ ತಿಂಗಳು. ಕಾಕಾಗ ತಿರುಗಿ ಔರಂಗಾಬಾದಿಗೆ ವರ್ಗಾ. ನಾಶಿಕದ ಬಾಡಿಗಿ ಮನಿ ಬಿಡತೀವಿ ಅಂತ ಹೇಳಿ ಆಗಿತ್ತು, ಕಾಕು ಪಾತ್ರೆಗಳನ್ನ ಗೋಣಿಚೀಲದಾಗ ಹಾಕಿ ಹೊಲಿದಿದ್ದಳು. ಚಾವಿ ಇಸಕೊಂಡು ಬರತೀನಿ ಅಂತ ಕಾಕಾ ಶನಿವಾರ ಬ್ಯಾಂಕ್ ಮುಗಿಸಿ ಎಸ್.ಟಿ. ಹತ್ತಿದ. ವೈಜಾಪುರದ ಹತ್ರ ಬಸ್ ಕೆಟ್ಟು ನಿಂತು, ಅವ ಹೋಟೆಲ್ ಮುಟ್ಟಿದಾಗ ಹುಡುಗರು ಖುರ್ಚಿ ಮಗಚಿ ಮೇಜಿನ ಮ್ಯಾಲೆ ಇಡತಿದ್ದರು.

ಸುಧಾಕರಣ್ಣ ಚಾ ತರಿಸಿದರು. ಮಕ್ಕಳ ಸಾಲಿ ಕೇಳಿದರು. ಆಮ್ಯಾಲ ಮೆತ್ತಗ, ಚಮಚಾ ತಿರುವಿಕೊಂತ...

"ಚಾವಿ ಎಂತದು ಮಾರಾಯ್ರೆ? ಹಿಂದಿನ ಭಾಗಕ್ಕೆ ಊರಿಂದ ನನ್ನ ತಮ್ಮ ಬರ್ತಾನೆ. ನೀವು ಕೊಟ್ಟದ್ದು ಕೈಗಡ ಅಲ್ವಾ, ನಿಧಾನಕ್ಕೆ ಕೊಡುವ."

"ಅರ್ಧ ಮನಿ ನಂದು ಅಂದಿದ್ರಿ, ಸುಧಾಕರಣ್ಣ."

"ನಾನಾ? ಯಾವಾಗ ಹೇಳಿದ್ದು?"

ಚಮಚಾ ಗ್ಲಾಸಿಗೆ ಬಡದು ಟಿಂಗ್ ಅಂತು.

ಕಾಕಾ ರೇವಪ್ಪನ ಹೆಸರು ತಗದ. ಸುಧಾಕರಣ್ಣ ಒಂದು ಗಳಿಗೆ ಕಾಕಾನ ಮಕ ನೋಡಿದರು. ರೇವಪ್ಪ ಬಂದು ಹೇಳಲಿ, ಹೇಳಿದರೆ ಈಗಲೇ ಬರೆದು ಕೊಡ್ತೇನೆ ಅಂದರು. ಅಂದು ಶಟರ್ ಎಳಸಿದರು. ಘರ್ರ್ರ್... ಧಡ್.

ರೇವಪ್ಪ ಸತ್ತು ಆಗಲೇ ನಾಲ್ಕು ತಿಂಗಳಾಗಿತ್ತು. ಅದು ಸುಧಾಕರಣ್ಣಗ ಗೊತ್ತಿತ್ತು. ಈಗ ನಿಮಗೂ ಗೊತ್ತು. ಗೊತ್ತಿಲ್ಲದವ ಕಾಕಾ ಒಬ್ಬನ. ನಗಬ್ಯಾಡ್ರಿ.

ಮನಿ ಒಂದ ಸಲ ಕಣ್ಣಾರೆ ನೋಡಬೇಕು ಅಂತ ಕಾಕಾ ಆಟೋ ಹತ್ತಿದ. ಆಟೋದವ ಚಿಕಲಠಾಣಾ ದಾಟಿ ಬರಲಿಲ್ಲ. ಕಾಕಾ ನಡದ. ಚಪ್ಪಲಿ ಚರಕ್ ಚರಕ್... ದೂರ ಒಂದು ನಾಯಿ ಬೊಗಳತಿತ್ತು, ಅದೂ ನಿಂತಿತು. ಬಾವಿ ಬಂತು. ಕಿರ್ರ್... ಗಾಳಿ ಅಂದ ಕಾಕಾ. ಆಲದ ಎಲಿ ಒಂದೂ ಅಲಗತಿರಲಿಲ್ಲ.

ಆಗ ಮನಿ ಹಿತ್ತಲದಿಂದ ಕೇಳಿಸಿತು. ಟಕ್, ಟಕ್... ಸರ್ರ್. ಮತ್ತ ಟಕ್, ಟಕ್... ಸರ್ರ್. ಗೌಂಡಿ ಕೆಲಸ ನೋಡಿದವರಿಗೆ ತಿಳೀತೈತಿ. ಇಟ್ಟಿಗಿ ಕೂಡಾಕ ಕರಣಿ ಹಿಡಿಯಿಂದ ಎರಡು ಪೆಟ್ಟು, ಹೊರಗ ಬಂದ ಗಾರೆ ಕೆರಿಯಾಕ ಒಂದು ಎಳತ.

ಹಿಂದಿನ ಖೋಲಿಗೆ ಹಿತ್ತಲಕಡೆ ಒಂದ ಬಾಗಿಲು. ಚೌಕಟ್ಟು ಇತ್ತು, ಕದ ಇನ್ನೂ ಹಾಕಿರಲಿಲ್ಲ. ಆ ಚೌಕಟ್ಟಿನೊಳಗ ರೇವಪ್ಪ ಕುಕ್ಕರಗಾಲಿಲೆ ಕೂತಿದ್ದ. ಮುಂದ ಮೊಣಕಾಲಮಟ ಗೋಡಿ ಎದ್ದಿತ್ತು. ಕಂದೀಲು ಇರಲಿಲ್ಲ.

"ರೇವಪ್ಪ?"

"ಬರ್ರಿ ಸಾಹೇಬ್ರ. ಬಸ್ ಕೆಟ್ಟಿತ್ತೇನ್ರಿ?"

ಇವಗ ಹೆಂಗ ಗೊತ್ತು ಅಂತ ಕಾಕಾ ಕೇಳಬೇಕಿತ್ತು. ಕೇಳಲಿಲ್ಲ. ಮೋಸ ಹೋದವನ ತಲಿಯಾಗ ಮೋಸ ಬಿಟ್ಟು ಬ್ಯಾರೇನೂ ಇರೂದಿಲ್ಲ. ಅಲ್ಲೇ ಕೂತು ಎಲ್ಲಾ ಹೇಳಿದ. ನಾಳೆ ಹೋಟೆಲಿಗೆ ಬಾ, ಕೇಳಿದ್ದನ್ನ ಹೇಳು, ಅಷ್ಟ ಸಾಕು ಅಂದ.

"ಹೇಳತೀನ್ರಿ. ಎರಡೂ ಮಾತು ಹೇಳತೀನಿ."

"ಎರಡ್ಯಾವು?"

ಟಕ್, ಟಕ್... ಸರ್ರ್.

"ಅವರು ನಿಮಗ ಅಂದದ್ದು ಒಂದು. ನೀವು ನನಗ ಅಂದದ್ದು ಒಂದು. ಹೊಸ್ತಿಲು ಕೂಡಿಸೋ ದಿನಾರಿ... 'ಹಿಂದಿನ ಖೋಲಿ ನಿಂದ ತಿಳಿ ರೇವಪ್ಪ, ಯಮನವ್ವನ್ನ ಕರಕೊಂಡು ಇಲ್ಲೇ ಇರು' ಅಂದ್ರಿ. ಮಳಿ ಬರೂದರೊಳಗ ಮುಗಿಲಿ ಅಂತ ನಾ ರಾತ್ರಿ ಕಂದೀಲು ಹಚ್ಚಿ ಕಟ್ಟಿದೆ."

ಕಾಕಾಗ ನೆನಪಾತು. ಹೆಗಲು, ಪೇಡೆ, ಎಲ್ಲಾ. ಇದನ್ನ ಕಾಕಾನ ನಮ್ಮಪ್ಪನ ಮುಂದ ಒಪ್ಪಿಕೊಂಡಾನ. ಆದ್ರ ತನ್ನ ಪಾಲಿಗೆ ಬರೋದು ಎರಡ ಖೋಲಿ, ಮನ್ಯಾಗ ಎರಡು ಮಕ್ಕಳು... ಬಾಯಿ ತಾನ ತೆರೀತು.

"ನಾನಾ? ಯಾವಾಗ ಹೇಳಿದ್ದೆ?"

ಕತ್ತಲಾಗ ಎಲ್ಲೋ, ಭಾಳ ಹತ್ರ... ಟಿಂಗ್.

ರೇವಪ್ಪ ಸಿಟ್ಟು ಮಾಡಲಿಲ್ಲ. ಒಂದು ತಾಸಿನ ಹಿಂದ ಕಾಕಾ ಸುಧಾಕರಣ್ಣನ ಮಕ ಹೆಂಗ ನೋಡಿದ್ದನೋ, ಹಂಗ ಕಾಕಾನ ಮಕ ನೋಡಿದ. "ಇರಲಿ ಬಿಡ್ರಿ" ಅಂದ. ಎಡಗೈಯಾಗ ಕರಣಿ ಎತ್ತಿದ. ಕಾಕಾ ಕೂಗಿದ, ರೇವಪ್ಪ, ತಡಿ, ಅಂದೇನಿ, ಅಂದೇನಿ ಅಂದ. ಗೋಡಿ ಏರಿತು. ಎದಿಮಟ... ಗದ್ದಮಟ... ರೇವಪ್ಪ ಒಳಗಿನ ಕಡೆ ಇದ್ದ. ಕಡೀ ಇಟ್ಟಿಗಿ ಕೂತಿತು. ಟಕ್, ಟಕ್. ಆಮ್ಯಾಲ ಒಳಗಿಂದ, ಸರ್ರ್.

ಕಾಕಾ ಓಡಲಿಲ್ಲ. ಆ ಗೋಡಿ ಮುಂದ ಬೆಳತನಕ ಕೂತ.

ಬೆಳಕು ಹರದ ಮ್ಯಾಲೆ ರೇವಪ್ಪ ಇರತಿದ್ದ ಶೇಂದ್ರಾ ರಸ್ತೆದ ತಗಡಿನ ಶೆಡ್ ಹುಡುಕಿಕೊಂಡು ಹೋದ. ಅವನ ಹೆಂಡತಿ ಯಮನವ್ವ ರೊಟ್ಟಿ ಬಡೀತಿದ್ದಳು. ಹಣಿ ಬರಿದಿತ್ತು. ಜನವರಿಯಾಗ ಗೋದಾಮಿನ ಕೆಲಸದಾಗ ಗೋಡಿಗೆ ಕಟ್ಟಿದ ಸಾರವಿ ಮುರದು ಮ್ಯಾಲಿಂದ ಬಿದ್ದ ಅಂದಳು. ನಾಶಿಕದ ವಿಳಾಸ ಆಕಿಗೆ ಗೊತ್ತಿರಲಿಲ್ಲ, ಸುಧಾಕರಣ್ಣ ತಿಳಸತೀನಿ ಅಂದಿದ್ದರಂತ. ಎರಡು ದಿನ ಮಾತಾಡತಿದ್ದನಂತ ರೇವಪ್ಪ, ದವಾಖಾನಿಯಾಗ. ಸಾಹೇಬ್ರು ಬಂದಮ್ಯಾಲ ಖೋಲಿಗೆ ಹೋಗೂಣು, ಅದ ಮಾತಂತ.

ಕೈ ಒರಸಿಕೊಂಡು ಕೇಳಿದಳು. "ಚಾವಿ ತಂದೀರೇನ್ರಿ?"

ಕಾಕಾ ಅಂಗಿ ಕಿಸೆದಾಗಿನ ಪೆನ್ನು ತಗದ. ಬಸ್ ಟಿಕೀಟಿನ ಜೋಡಿ ಇದ್ದ ಒಂದು ಹಾಳಿ ಬಿಡಿಸಿ, ಬ್ಯಾಂಕಿನ ದುಂಡನ್ನ ಅಕ್ಷರದಾಗ ಬರದ. ಹಿಂದಿನ ಖೋಲಿ ಯಮನವ್ವಗ ಸೇರಿದ್ದು. ತಾರೀಖು, ಸಹಿ. ತನ್ನದಲ್ಲದ ಮನಿಯ ಖೋಲಿ. ಆಕಿಗೆ ಓದಾಕ ಬರೂದಿಲ್ಲ. ಎಲಿ ಸಂಚಿಯಾಗ ಮಡಚಿ ಇಟ್ಟಳು. ಮನಿ ಬಗ್ಗೆ ಕಾಕಾ ಬರದ ಕಾಗದ ಅದೊಂದ, ಅದೂ ಚಲಾವಣಿ ಇಲ್ಲದ್ದು.

ಸುಧಾಕರಣ್ಣ ಸೋಮವಾರ ಆಳು ಹಚ್ಚಿ ಗೋಡಿ ಒಡಸಿದರು. ಒಳಗ ಯಾರೂ ಇಲ್ಲ, ಕಸ ಹೊಡದು ಸಾರಿಸಿದಂಗ ಸ್ವಚ್ಛ. ಮಂಗಳವಾರ ಮುಂಜಾನೆ ಗೋಡಿ ಮತ್ತ ಇತ್ತು. ಮೂರು ಸಲ ಒಡಸಿದರು, ಆಮ್ಯಾಲ ಆಳು ಬರಲಿಲ್ಲ. ತಮ್ಮನೂ ಊರಿಂದ ಬರಲಿಲ್ಲ. ಕಾಕಾ ನಮ್ಮ ಓಣಿಯಾಗ ಮತ್ತ ಬಾಡಿಗಿಗೆ ಬಂದ. ಕಾಕು ಆ ಗೋಣಿಚೀಲಗಳಾಗ ಎರಡನ್ನ ಇನ್ನೂ ಬಿಚ್ಚಿಲ್ಲ.

ಐದು ವರ್ಷ ಆತು. ಆ ಗೋಡಿ ಗಾರೆ ಇನ್ನೂ ಒಣಗಿಲ್ಲ. ಸುಳ್ಳು ಅನ್ನೋರು ಹೋಗಿ ಮುಟ್ಟಿ ನೋಡ್ರಿ, ಬಾವಿಯಿಂದ ನೂರ ಹೆಜ್ಜಿ. ನಾ ಹೋದ ದೀಪಾವಳಿಗೆ ಹೋಗಿದ್ದೆ, ಹಗಲಿನಾಗ. ಬೆರಳು ಊರಿದೆ, ಗೆಣ್ಣಿನತನಕ ಹೋತು. ಕೈ ಸುಮ್ಮನಿರಬೇಕಲ್ಲ... ಮೊಳೆ ತಗೊಂಡು ನನ್ನ ಹೆಸರು ದೊಡ್ಡದಾಗಿ ಕೊರದೆ. ಕೆಳಗ 'ಮಾಲಕರು' ಅಂತ ಬರದೆ. ಮರುದಿನ ದೋಸ್ತರಿಗೆ ತೋರಸಾಕ ಕರಕೊಂಡು ಹೋದೆ.

ಹೆಸರು ಸಾಪ್ ಆಗಿತ್ತು. ಹೆಸರಿದ್ದ ಜಾಗಾದಾಗ ಎಡಗೈಯಿಂದ ಎಳದ ಕರಣಿ ಗೆರಿ. 'ಮಾಲಕರು' ಅನ್ನೋದನ್ನ ಮಾತ್ರ ಮುಟ್ಟಿರಲಿಲ್ಲ.