ಕಾಣದ ಕರಿಮಣಿ

ಅಮೆರಿಕದ ಫ್ರೀಮಾಂಟಿನ ಒಂದು ಫಾರ್ಮಸಿಯ ಕ್ಯೂನಲ್ಲಿ ನನ್ನ ಮುಂದೆ ಗಂಡ ಹೆಂಡತಿ ನಿಂತಿದ್ದರು. ಬಿಸಿಲಿದ್ದರೂ ಆಕೆ ಕತ್ತಿಗೆ ಸ್ಕಾರ್ಫ್ ಸುತ್ತಿಕೊಂಡಿದ್ದಳು. ಸುತ್ತ ಯಾರಿಗೂ ಕನ್ನಡ ಬರಲ್ಲ ಅನ್ನುವ ಧೈರ್ಯದಲ್ಲಿ ಮಾತಾಡುತ್ತಿದ್ದರು. ಬೀದಿಗೊಬ್ಬ ಕನ್ನಡಿಗ ಸಿಗುವ ಫ್ರೀಮಾಂಟಿನಲ್ಲಿ ಆ ಧೈರ್ಯ ಒಳ್ಳೆಯದಲ್ಲ.

“ಗಾರ್ಗಿ, ಬೆಳಿಗ್ಗೆ ನಿಮ್ಮಮ್ಮ ಮೈಸೂರಿಂದ ನಂಗೆ ಫೋನ್ ಮಾಡಿದ್ರು.”

“ಥೈರಾಯ್ಡ್ ತೆಗೆಸಿದ್ದು ಹೇಳ್ಬಿಟ್ಯಾ, ಅಭಿ?” ಆಕೆಯ ದನಿ ಒಡೆದಿತ್ತು.

“ಇಲ್ಲ ಕಣೇ. ಹೇಳ್ಬೇಡ ಅಂದಿದ್ಯಲ್ಲ.”

“ಅಮ್ಮಂಗೆ ಬಿಪಿ ಇದೆ, ಸುಮ್ನೆ ಹೆದರ್ಕೋತಾಳೆ. ನನ್ನ ದನಿ ನಿಧಾನಕ್ಕೆ ಸರಿಹೋಗುತ್ತೆ ಅಂದಿದಾರಲ್ಲ ಡಾಕ್ಟ್ರು. ಆಮೇಲೆ ಹೇಳೋಣ.”

“ವಿಡಿಯೋ ಕಾಲಲ್ಲಿ ನಿನ್ನ ಕರಿಮಣಿ ಕಾಣ್ಲಿಲ್ವಂತೆ.”

“ಗಾಯಕ್ಕೆ ತಾಗಿ ಉರಿಯುತ್ತೆ ಅಂತ ಬಿಚ್ಚಿಟ್ಟಿದೀನಿ.”

“ಅವ್ರಿಗೆ ಹೇಗೆ ಗೊತ್ತಾಗ್ಬೇಕು? ಮಗಳ ದನಿ ಕೂತಿದೆ, ಮಾತು ಕಮ್ಮಿಯಾಗಿದೆ, ಕರಿಮಣಿನೂ ಇಲ್ಲ. ‘ನಿಜ ಹೇಳಿ, ನೀವಿಬ್ರೂ ಒಟ್ಟಿಗೇ ಇದೀರಾ?’ ಅಂತ ಕೇಳಿದ್ರು.”

ಆಕೆ ನಗಲು ಹೋಗಿ ಕತ್ತು ಹಿಡಿದುಕೊಂಡಳು.

“ನೀನೇನಂದೆ?”

“ನಿಂಗೆ ಮಾತು ಕೊಟ್ಟಿದ್ನಲ್ಲ. ಏನ್ ಹೇಳ್ಬೇಕು ಅಂತ ಗೊತ್ತಾಗ್ದೆ ಸುಮ್ನಿದ್ದೆ.”

“ಅಯ್ಯೋ, ಅದಕ್ಕೆ ಸುಮ್ನಿರ್ತಾರಾ?”

“ಅತ್ತುಬಿಟ್ರು, ಗಾರ್ಗಿ.”

ಆಕೆ ಬ್ಯಾಗಿನಿಂದ ಫೋನ್ ತೆಗೆದಳು. ಕೌಂಟರಿನಿಂದ ಅವಳ ಹೆಸರು ಕರೆದರು.

“ಮಾತ್ರೆ, ಕ್ಯಾಲ್ಷಿಯಂ ಎಲ್ಲಾ ನೀನೇ ತಗೊಂಡ್ ಬಾ. ನಾನು ಅಮ್ಮಂಗೆ ಫೋನ್ ಮಾಡ್ತೀನಿ.”

“ಈ ದನಿ ಕೇಳಿದ್ರೆ ನೀನೂ ಅಳ್ತಿದೀಯ ಅಂದ್ಕೋತಾರೆ.”

“ವಿಡಿಯೋನೇ ಮಾಡ್ತೀನಿ.”

ಸ್ಕಾರ್ಫ್ ಬಿಚ್ಚುತ್ತಾ ಆಕೆ ಬಾಗಿಲ ಕಡೆ ನಡೆದಳು.